ಗರುಗವಲ್ಲ, ಅದರ ನೆಂಟ

ತುಮಕೂರು ರಸ್ತೆಯ ಎಂಟನೇ ಮೈಲಿಯಲ್ಲಿ ಬಸ್ಸಿಳಿದು ಹೆಸರಘಟ್ಟ ರಸ್ತೆ ಹಿಡಿದರೆ ಬಾಗಲಗುಂಟೆ ಸಿಗುತ್ತದೆ. ಪೀಣ್ಯದ ಕಾರ್ಖಾನೆಗಳಿಗೆ ಪಾಳಿಯ ಮೇಲೆ ಹೋಗಿಬರುವವರ ಮನೆಗಳು, ಅಂಗಡಿಸಾಲು, ಆಟೋಗಳ ಗಡಿಬಿಡಿ. ಇಲ್ಲಿ ನೋಡುವಂಥದ್ದೇನಿದೆ ಎಂದು ಕೇಳಬೇಡಿ. ಒಳರಸ್ತೆಯಲ್ಲಿ ಇನ್ನೂ ಮನೆ ಏಳದ ಒಂದು ಸೈಟಿನ ಮುಂದೆ ನಿಂತು ತಲೆ ಬಗ್ಗಿಸಿದರೆ ಸಾಕು.

ನೆಲಕ್ಕಂಟಿ ಹರಡಿದ ರೋಮಭರಿತ ಕಾಂಡ, ಗರಗಸದಂಚಿನ ಎಲೆ, ಗೇಣುದ್ದದ ತೊಟ್ಟಿನ ತುದಿಯಲ್ಲಿ ಒಂಟಿ ಹೂವು: ನಡುವೆ ಹಳದಿ, ಸುತ್ತ ನಾಲ್ಕೈದು ಕೆನೆಬಿಳಿ ಎಸಳು. ಮನೆಯಂಗಳ, ಉದ್ಯಾನದ ಹುಲ್ಲು, ಫುಟ್‌ಪಾತಿನ ಬಿರುಕು, ಎಲ್ಲೆಲ್ಲೂ ಇದೇ. ಗರುಗದ ಸೊಪ್ಪು ಎಂದು ಇದನ್ನೇ ಕಿತ್ತೊಯ್ದು ತಲೆಗೆ ಎಣ್ಣೆ ಕಾಯಿಸುವವರಿದ್ದಾರೆ. ಇದು ಗರುಗವಲ್ಲ, ಅದೇ ಸೂರ್ಯಕಾಂತಿ ಕುಟುಂಬದ ಟ್ರೈಡಾಕ್ಸ್ ಪ್ರೊಕಂಬೆನ್ಸ್. ಅಮೆರಿಕದ ಉಷ್ಣವಲಯದ ಈ ಗಿಡಕ್ಕೆ ಲಿನೇಯಸ್ 1753ರಲ್ಲಿ ಹೆಸರಿಟ್ಟ. ಪ್ರೊಕಂಬೆನ್ಸ್ ಎಂದರೆ ನೆಲದ ಮೇಲೆ ಒರಗಿದ್ದು.

ಒಂದು ಹೂವನ್ನು ಸೀಳಿ ಭೂತಗನ್ನಡಿಯಲ್ಲಿ ನೋಡಿ. ಹಳದಿ ಭಾಗವೆಲ್ಲ ಒತ್ತಾಗಿ ನಿಂತ ಪುಟ್ಟ ಕೊಳವೆಗಳು. ಒಂದೊಂದೂ ಒಂದು ಪೂರ್ಣ ಹೂವು. ಸುತ್ತಲಿನ ಬಿಳಿ ಎಸಳೂ ಎಸಳಲ್ಲ, ಪ್ರತಿಯೊಂದೂ ಬೇರೆ ಹೂವು, ತುದಿಯಲ್ಲಿ ಮೂರು ಹಲ್ಲು. ನಾವು ಒಂದು ಹೂವೆಂದು ಕಿವಿಗೆ ಸಿಕ್ಕಿಸಿಕೊಳ್ಳುವುದು ಒಂದಿಡೀ ಗೊಂಚಲು! ಬಲಿತ ಮೇಲೆ ಪ್ರತಿ ಕಾಯಿಗೂ ನವಿರಾದ ಕುಚ್ಚು ಮೂಡುತ್ತದೆ. ಊದಿದರೆ ಗಾಳಿಯಲ್ಲಿ ತೇಲಿಹೋಗುತ್ತದೆ. ಬಿಟ್ಟ ಸೈಟುಗಳನ್ನೆಲ್ಲ ಅದು ತುಂಬಿಕೊಂಡ ಗುಟ್ಟು ಇದೇ.

ಗರುಗ ಬೇಕಾದವರು ತೇವ ಹುಡುಕಬೇಕು. ಕುಂಟೆ ಎಂದರೆ ಸಣ್ಣ ನೀರಿನ ಹೊಂಡ; ಊರಿನ ಹೆಸರಿನಲ್ಲೇ ಅದು ಕೇಳಿಸುತ್ತದೆ. ಅಂಥ ಜೌಗಿನ ಅಂಚು ಗರುಗಕ್ಕೆ ಇಷ್ಟ. ಅದರ ಎಲೆ ಉದ್ದ, ಕಿರಿದು; ಹೂವು ಗುಂಡಿಯಷ್ಟು ಚಿಕ್ಕದು, ಅಂಚಿನಲ್ಲಿ ಎಣಿಸಲಾಗದಷ್ಟು ಸಣ್ಣ ಬಿಳಿ ಎಳೆಗಳು. ತೊಟ್ಟು ಮೋಟು, ಕಾಯಿಗೆ ಹಾರುವ ಕುಚ್ಚಿಲ್ಲ. ಅನುಮಾನವಿದ್ದರೆ ಕಾಂಡವನ್ನು ಬೆರಳಲ್ಲಿ ಹಿಸುಕಿ ಸ್ವಲ್ಪ ಕಾಯಿರಿ. ರಸ ಕಪ್ಪಾಗಿ ಬೆರಳಿಗೆ ಅಂಟಿದರೆ ಗರುಗ.

ಗುರುತು ಸರಿಯಾದರೂ ಇಲ್ಲಿ ಇನ್ನೊಂದು ತೊಡಕಿದೆ. ತೇವವಿರುವ ಕಡೆಯೆಂದರೆ ಈಗ ಹೆಚ್ಚಾಗಿ ಚರಂಡಿಯ ಬದಿ. ಪಕ್ಕದ ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಪತ್ತೆಯಾಗಿರುವುದು ಗುಟ್ಟೇನಲ್ಲ, ಮತ್ತು ಬೇರು ನೀರಿನೊಂದಿಗೆ ಲೋಹಗಳನ್ನೂ ಹೀರಬಲ್ಲದು. ಅಂಥ ಕಡೆಯ ಸೊಪ್ಪನ್ನು ಎಣ್ಣೆಗಾಗಲಿ ಬಾಯಿಗಾಗಲಿ ಬಳಸುವುದು ಬೇಡ.

ಟ್ರೈಡಾಕ್ಸ್ ಎಲೆಯನ್ನು ಅರೆದು ಗಾಯಕ್ಕೆ ಹಚ್ಚುವುದು ಹಳ್ಳಿಗಳಲ್ಲಿ ರೂಢಿ. ಆದರೆ ರಸ್ತೆ ಬದಿಯ ಎಲೆಯ ಜೊತೆ ಮಣ್ಣೂ ಗಾಯಕ್ಕೆ ಸೇರುತ್ತದೆ. ಆಡುವಾಗ ಬಿದ್ದ ಮಕ್ಕಳಿಗೆ ಮೊದಲು ನಲ್ಲಿ ನೀರು, ಸೋಪು. ಗಾಯ ಆಳವಾಗಿದ್ದರೆ ವೈದ್ಯರ ಬಳಿ ಧನುರ್ವಾಯು ಚುಚ್ಚುಮದ್ದು.

ಹಾಗೆಂದು ಅದನ್ನು ಪೂರಾ ಕಿತ್ತೆಸೆಯಬೇಕಿಲ್ಲ. ಬೇಸಿಗೆಯಲ್ಲಿ ಬೇರೆ ಹೂ ಒಣಗಿದಾಗಲೂ ಚಿಟ್ಟೆಗಳಿಗೆ ಮಕರಂದ ಕೊಡುತ್ತದೆ. ಕಾಂಪೌಂಡಿನ ಮೂಲೆಯಲ್ಲಿ ಒಂದು ಮಾರಿನಷ್ಟು ಜಾಗ ಬಿಟ್ಟು, ಬೆಳಿಗ್ಗೆ ಹತ್ತರ ಬಿಸಿಲಿಗೆ ಯಾವ ಯಾವ ಚಿಟ್ಟೆ ಬಂದವೆಂದು ಮಕ್ಕಳು ಪುಸ್ತಕದಲ್ಲಿ ಬರೆದಿಡಬಹುದು. ಗರುಗಕ್ಕೆ ಒಂದು ಕುಂಡ, ಒಳ್ಳೆಯ ಮಣ್ಣು, ದಿನಕ್ಕೊಂದು ಚೊಂಬು ನೀರು ಸಾಕು.