ಪರ್ಸಿ ಕಲ್ಲಿನೂರಿನಿಂದ ಕಡಲಿನೂರಿಗೆ

"ಉಂಡವರು ಕೈ ತೊಳಕೊಂಡು ಹೋಗ್ತಾರ್ರಿ ಫಾದರ್. ನನಗ ಒಂದ್ಸಲ ಸಮುದ್ರ ನೋಡಬೇಕ್ರಿ."

ತಾಂಡೂರಿನ ಆ ತಾಯಿ ಹೀಗೆಂದಾಗ ನಾನು ನಕ್ಕುಬಿಟ್ಟೆ. ಇಂದಿಗೂ ಆ ನಗುವಿಗಾಗಿ ನನಗೆ ನಾಚಿಕೆಯಿದೆ. ಅವರ ಮದುವೆಯ 25ನೇ ವರ್ಷ ಹತ್ತಿರ ಬಂದಿತ್ತು. ಬಂಧುಬಳಗವನ್ನೆಲ್ಲ ಕರೆದು ಊಟ ಹಾಕಬೇಕೆಂದು ಗಂಡನ ಆಸೆ. "ಹಾಗೇ ಮಾಡಿ, ನಾನೂ ಬರುತ್ತೇನೆ" ಎಂದು ನಾನೂ ಅವರ ಪರವಾಗಿಯೇ ಮಾತಾಡಿದ್ದೆ. ಹೆಂಡತಿಯನ್ನು ಇಬ್ಬರೂ ಕೇಳಿರಲಿಲ್ಲ.

ತೆಲಂಗಾಣದ ಗಡಿಯಲ್ಲಿರುವ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆಯ ಕನ್ನಡದ ಮನೆಗಳು ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಕೆಲಸದ ಜಾಗದಲ್ಲಿ ಉರ್ದು. ಈ ತಾಯಿಯ ತವರು ನಾರಾಯಣಖೇಡ ಕಡೆಯದು. ಮಗಳನ್ನು ಕೊಟ್ಟಿರುವುದು ಜಹೀರಾಬಾದಿಗೆ. ತಾನು ಕಂಡ ಅತಿ ದೊಡ್ಡ ನೀರೆಂದರೆ ಮಂಜೀರಾ ನದಿಯ ಸಿಂಗೂರು ಜಲಾಶಯ ಎಂದು ಹೇಳುತ್ತಿದ್ದರು. ಗಂಡನದು ತಾಂಡೂರಿನಲ್ಲಿ ಪರ್ಸಿ ಕಲ್ಲಿನ ಕೆಲಸ. ನಮ್ಮ ಎಷ್ಟೋ ಮನೆಗಳ, ದೇವಾಲಯಗಳ ನೆಲಕ್ಕೆ ಹಾಸಿರುವ ನೀಲಿ, ಬೂದು ಬಣ್ಣದ ಚಪ್ಪಟೆ ಕಲ್ಲು ಆ ಭಾಗದ್ದೇ. ದಿನವಿಡೀ ಧೂಳು, ಸಂಜೆಗೆ ಕೆಮ್ಮು. ಮನೆಗೆ ಬಂದರೆ ಮಾತು ಕಡಿಮೆ. ಮಕ್ಕಳು ದೂರವಾದ ಮೇಲಂತೂ ಆ ಮನೆಯಲ್ಲಿ ಟಿ.ವಿ.ಯೊಂದೇ ಮಾತಾಡುತ್ತಿತ್ತು.

ಒಂದು ವಾರ ಆ ತಾಯಿ ಮತ್ತೆ ಏನೂ ಹೇಳಲಿಲ್ಲ. ಆ ಮೌನವೇ ನನ್ನನ್ನು ಚುಚ್ಚಿತು. ನಾನು ಹುಟ್ಟಿ ಬೆಳೆದದ್ದು ಉಡುಪಿಯ ಕರಾವಳಿಯಲ್ಲಿ. ನನಗೆ ಸಮುದ್ರವೆಂದರೆ ಹಿತ್ತಲ ಬಾವಿಯಷ್ಟೇ ಸಹಜ. ಅದನ್ನು ನೋಡಲು ಒಬ್ಬರು 25 ವರ್ಷ ಕಾಯಬಹುದೆಂದು ನನಗೆ ಹೊಳೆದಿರಲೇ ಇಲ್ಲ. ಗಂಡನನ್ನು ಕರೆದು, "ತಪ್ಪು ಹೇಳಿದೆ. ಊಟದ ಚೀಟಿ ಹಣ ಇದೆಯಲ್ಲ, ಅದರಲ್ಲಿ ಟಿಕೆಟ್ ತೆಗೆಸಿ. ಜನವರಿಯಲ್ಲಿ ನಾನು ಊರಿಗೆ ಹೋಗುವವನಿದ್ದೇನೆ, ನಮ್ಮ ಮನೆಯಲ್ಲೇ ಉಳಿಯಿರಿ" ಎಂದೆ. ಅವರು ಬಹಳ ಹೊತ್ತು ತಲೆ ತಗ್ಗಿಸಿಕೊಂಡಿದ್ದು, "ಮಂದಿ ಏನಂತಾರ್ರಿ?" ಎಂದರು. ಮಂದಿ ಅಂದದ್ದೂ ಉಂಟು. ಆದರೆ ಅವರು ಹೊರಟರು.

ಕಾಚಿಗುಡದಲ್ಲಿ ರೈಲು ಹತ್ತಿ, ಒಂದು ಹಗಲು ಒಂದು ರಾತ್ರಿ ಪ್ರಯಾಣ. ರೈಲು ಕೇರಳವನ್ನು ಬಳಸಿಕೊಂಡು ಕಾಸರಗೋಡಿನ ಮೇಲೆ ಮಂಗಳೂರಿಗೆ ಬರುತ್ತದೆ. ಬೆಳಿಗ್ಗೆ ತೆಂಗಿನ ಮರಗಳ ಸಂದಿಯಲ್ಲಿ ನೀಲಿ ಗೆರೆಯೊಂದು ಕಂಡಾಗ ಆ ತಾಯಿ ಗಂಡನ ತೋಳು ಹಿಡಿದು ಎಬ್ಬಿಸಿದರಂತೆ. ನೇತ್ರಾವತಿ ಸೇತುವೆ ದಾಟುವಾಗ, "ಇದೇ ಸಮುದ್ರ ಏನ್ರಿ?" ಎಂದು ಕೇಳಿದರಂತೆ. ಮಂಗಳೂರಿನಿಂದ ಬಸ್ಸಿನಲ್ಲಿ ಉಡುಪಿಗೆ ಬಂದಿಳಿದಾಗ ಅವರ ಚೀಲದಲ್ಲಿ ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ನಮ್ಮಮ್ಮನಿಗೆಂದು 2 ಕಿಲೋ ತಾಂಡೂರಿನ ತೊಗರಿಬೇಳೆ. 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ತೊಗರಿ ಅದು. ನಮ್ಮಮ್ಮ ಬಂಗುಡೆ ಸಾರು, ನೀರುದೋಸೆ ಮಾಡಿ ಬಡಿಸಿದರು. ಅಮ್ಮ ಮನೆಯಲ್ಲಿ ಮಾತಾಡುವುದು ಕೊಂಕಣಿ, ಇವರದು ಗಡಿಯ ಕನ್ನಡ. ಆದರೂ ಅಡುಗೆಮನೆಯಲ್ಲಿ ಇಬ್ಬರು ತಾಯಂದಿರ ಮಾತು ರಾತ್ರಿ ಹತ್ತಾದರೂ ಮುಗಿಯಲಿಲ್ಲ.

ಮರುದಿನ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದೆವು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಳಿದು ಮಾತೆ ಮರಿಯಳ ಹೆಸರಿಟ್ಟನೆಂದು ಹೇಳುತ್ತಾರೆ. ಆದರೆ ಈ ದ್ವೀಪದ ಕಲ್ಲುಗಳ ಕಥೆ ಇನ್ನೂ ಹಳೆಯದು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಒಂದೇ ನೆಲವಾಗಿದ್ದು ಬೇರ್ಪಡುವ ಕಾಲದಲ್ಲಿ, ಉಕ್ಕಿದ ಲಾವಾರಸ ಆರಿ ಆದ ಕಲ್ಲುಗಳಿವು. ಬಿಸಿ ರಸ ಆರುತ್ತ ಕುಗ್ಗುವಾಗ ಕೆಸರು ಒಣಗಿ ಬಿರಿದಂತೆ ಬಿರಿದು, ಐದು, ಆರು, ಏಳು ಮೂಲೆಯ ಕಂಬಗಳಾಗಿ ನಿಂತಿವೆ.

ಅಲ್ಲಿ ನಾನೊಂದು ಅಚ್ಚರಿ ಕಂಡೆ. ಸಮುದ್ರಕ್ಕಾಗಿ ಬಂದವರು ಹೆಂಡತಿ. ಗಂಡ ಸುಮ್ಮನೆ ಜೊತೆಗೆ ಬಂದವರು. ಆದರೆ ಆ ಕಂಬಗಳನ್ನು ಕಂಡದ್ದೇ ಅವರ ಕಣ್ಣು ಬದಲಾಯಿತು. ಬೆರಳ ಗೆಣ್ಣಿನಿಂದ ಒಂದೊಂದನ್ನೇ ತಟ್ಟಿ ಕಿವಿಗೊಟ್ಟರು. "ಇವನ್ನ ಯಾರು ಹಿಂಗ ನಿಂದ್ರಿಸ್ಯಾರ್ರಿ ಫಾದರ್?" ಎಂದರು. "ಯಾರೂ ಇಲ್ಲ" ಎಂದು ಲಾವಾದ ಕಥೆ ಹೇಳಿದೆ. ಜೊತೆಗೆ, ಅವರು ನಿತ್ಯ ಮುಟ್ಟುವ ತಾಂಡೂರಿನ ಪರ್ಸಿಯೂ 50 ಕೋಟಿ ವರ್ಷಗಳಿಗಿಂತ ಹಿಂದೆ ಕಡಲ ತಳದಲ್ಲಿ ಪದರ ಪದರವಾಗಿ ಕೂತ ಕೆಸರು, ಅದಕ್ಕೇ ಅದು ಹಲಗೆಯಂತೆ ಎದ್ದು ಬರುತ್ತದೆ ಎಂದೆ.

ಅವರು ನೀರಿನ ಕಡೆ ನೋಡುತ್ತ ನಿಂತರು. "ಹಂಗಾದ್ರ ನಾ ಇಷ್ಟು ವರ್ಷ ಸಮುದ್ರದಾಗೇ ದುಡದೀನಿ" ಎಂದು ಹೆಂಡತಿಯ ಹತ್ತಿರ ಹೋದರು. ಖಣಿಯಲ್ಲಿ ಕಲ್ಲು ಹೇಗೆ ಬಿಡಿಸುತ್ತಾರೆ, ಯಾವ ಪದರ ಗಟ್ಟಿ, ಯಾವುದು ಒಡೆಯುತ್ತದೆ, ಮೊದಲ ದಿನ ಕೈಯಲ್ಲಿ ಎಷ್ಟು ಬೊಬ್ಬೆ ಎದ್ದಿದ್ದವು ಎಲ್ಲ ಹೇಳತೊಡಗಿದರು. ಆ ತಾಯಿ ಅಲೆಗೆ ಕಾಲು ಚಾಚಿ ಕುಳಿತು ಕೇಳಿದರು. ನಾನು ದೂರ ಸರಿದೆ. ಮರಳುವ ದೋಣಿಯಲ್ಲಿ ಆಕೆ ಮೆಲ್ಲನೆ, "25 ವರ್ಷದಾಗ ಇವರು ಇಷ್ಟು ಮಾತಾಡಿದ್ದು ನಾ ಕೇಳಿಲ್ರಿ ಫಾದರ್" ಎಂದರು.

ಭಾನುವಾರ ಕಲ್ಯಾಣಪುರದ ಮಿಲಾಗ್ರಿಸ್ ದೇವಾಲಯಕ್ಕೆ ಹೋದೆವು. 1678ರಷ್ಟು ಹಳೆಯ ಈ ದೇವಾಲಯ 2012ರಿಂದ ಉಡುಪಿ ಧರ್ಮಪ್ರಾಂತ್ಯದ ಪ್ರಧಾನಾಲಯ. ಪೂಜೆ ಕೊಂಕಣಿಯಲ್ಲಿತ್ತು, ಅವರಿಗೆ ಒಂದು ಮಾತೂ ತಿಳಿಯಲಿಲ್ಲ. ಆದರೆ ಆಶೀರ್ವಾದದ ಹೊತ್ತಿಗೆ ಇಬ್ಬರೂ ಕೈ ಹಿಡಿದುಕೊಂಡಿದ್ದರು.

ಹೋಗಬಯಸುವವರಿಗೆ ಒಂದೆರಡು ಮಾತು. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಇರುವುದಿಲ್ಲ. ಮಳೆ ನಿಂತ ಮೇಲೆ ಹೋಗಿ. ಕುಡಿಯುವ ನೀರು, ತಲೆಗೊಂದು ಬಟ್ಟೆ ಇರಲಿ. ಬಂಡೆಗಳ ಕಡೆ ನೀರಿಗಿಳಿಯುವುದು ಅಪಾಯ. ಒಯ್ದ ಪ್ಲಾಸ್ಟಿಕ್ಕನ್ನು ತಿರುಗಿ ತನ್ನಿ.

ಪ್ರಿಯ ಓದುಗರೇ, ಪ್ರವಾಸ ಹಣವಂತರ ಶೋಕಿ ಎಂದು ನಾವು ತಿಳಿಯುತ್ತೇವೆ. ಮಕ್ಕಳ ಫೀಸು, ಮಗಳ ಮದುವೆ, ಮನೆಯ ಸಾಲ ತೀರುವಷ್ಟರಲ್ಲಿ ಗಂಡ ಹೆಂಡತಿಗೆ ಒಬ್ಬರ ಮುಖ ಒಬ್ಬರು ನೋಡುವ ರೂಢಿಯೇ ತಪ್ಪಿರುತ್ತದೆ. ಎಲ್ಲರಿಗೂ ಮಲ್ಪೆಗೆ ಬರಲಾಗದಿರಬಹುದು. ಹತ್ತಿರದ ಕೆರೆಯ ದಂಡೆಯಾದರೂ ಸಾಕು. ಆದರೆ ಹೊರಡುವ ಮೊದಲು, "ನಿನಗೆ ಏನು ನೋಡಬೇಕು?" ಎಂದು ಒಮ್ಮೆ ಕೇಳಿ. ಉತ್ತರ ಬಂದಾಗ, ನನ್ನ ಹಾಗೆ ನಗಬೇಡಿ.