ಜಪಸರದ ನಂತರದ ಅರ್ಧ ಗಂಟೆ

ಕಾಸರಗೋಡಿನ ನಮ್ಮ ಮಕ್ಕಳಿಗೆ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷ್, ಮಲಯಾಳ. ಕನ್ನಡ ಓದು ನಾವೇ ಕಲಿಸಬೇಕು. ದಿನಾ ಜಪಸರ ಮುಗಿದ ಮೇಲೆ ಅರ್ಧ ಗಂಟೆ ಟಿವಿ ಬಂದ್.

ಕರ್ನಾಟಕದ ಪಠ್ಯಪುಸ್ತಕಗಳು ಅಂತರ್ಜಾಲದಲ್ಲಿ ಉಚಿತ. ಕಥೆಗಳಿಗೆ ಸ್ಟೋರಿವೀವರ್ ಇದೆ. ನಮಗೆ ಹೆಚ್ಚು ಒದಗಿದ್ದು ಮಾರ್ಕನ ಶುಭಸಂದೇಶ. 16 ಅಧ್ಯಾಯ, ನಾಲ್ಕರಲ್ಲಿ ಅದೇ ಚಿಕ್ಕದು, ಕಥೆ ಓಡುತ್ತದೆ.

ತೊಡಕು ಅರ್ಕಾವೊತ್ತಿನದು. ಮಲಯಾಳದಲ್ಲಿ ಅರ್ಧ ರಕಾರವನ್ನು ಮೊದಲೇ ಬರೆಯುತ್ತಾರೆ, ಕನ್ನಡದಲ್ಲಿ ಅಕ್ಷರದ ನಂತರ. ಮಗಳ ಬಾಯಲ್ಲಿ ‘ಸ್ವರ್ಗ’ ‘ಸ್ವಗ್ರ’ವಾಗುತ್ತಿತ್ತು! ಅಂಥ ಪದಗಳನ್ನು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿದೆವು.

ನಮ್ಮ ಇಗರ್ಜಿಯ ಕನ್ನಡ ಪೂಜೆಯಲ್ಲಿ ವಾಚನ ಓದುವವರೆಲ್ಲ ಐವತ್ತು ದಾಟಿದವರು. ಮುಂದಿನ ತಿಂಗಳು ಒಂದು ವಾಚನ ಮಗಳದು. ಈಗ ತಮ್ಮನ ಅರ್ಕಾವೊತ್ತು ತಿದ್ದುವವಳೂ ಅವಳೇ.