ಔತಣದ ಖರ್ಚು

ಉರ್ದು ಶಾಲೆಯಲ್ಲಿ ನಾವು ತುರ್ಕಿ ಸುಲ್ತಾನರ ವೈಭವದ ಕಥೆಗಳನ್ನು ಬಾಯಿಬಿಟ್ಟು ಕೇಳಿದವರು. 1867ರಲ್ಲಿ ಸುಲ್ತಾನ್ ಅಬ್ದುಲ್ ಅಜೀಜ್ ಲಂಡನ್ನಿಗೆ ಹೋದಾಗ ಅವರ ಗೌರವಾರ್ಥ ದೊಡ್ಡ ನೃತ್ಯಕೂಟ ನಡೆಯಿತು. ಅದರ ಖರ್ಚನ್ನು ಭಾರತದ ಬೊಕ್ಕಸಕ್ಕೆ ಹಾಕಿದ್ದರೆಂದು ನಮಗೆ ಯಾರೂ ಹೇಳಿರಲಿಲ್ಲ.

ಪಾರ್ಲಿಮೆಂಟಿನಲ್ಲಿ ಅದನ್ನು ವಿರೋಧಿಸಿದವರು ಹೆನ್ರಿ ಫಾಸೆಟ್. 1858ರಲ್ಲಿ, 25ನೇ ವಯಸ್ಸಿನಲ್ಲಿ, ಬೇಟೆಗೆ ಹೋದಾಗ ತಂದೆಯ ಬಂದೂಕಿನ ಚರೆ ಆಕಸ್ಮಿಕವಾಗಿ ತಗುಲಿ ಕುರುಡರಾದವರು. 1863ರಲ್ಲಿ ಕೇಂಬ್ರಿಜ್‌ನ ಅರ್ಥಶಾಸ್ತ್ರ ಪ್ರಾಧ್ಯಾಪಕರು. 1865ರಲ್ಲಿ ಬ್ರೈಟನ್ನಿನ ಸದಸ್ಯರು. ಭಾರತದ ಹಣಕ್ಕೆ ಲೆಕ್ಕ ಕೇಳುತ್ತಲೇ ಹೋಗಿ ‘ಭಾರತದ ಸದಸ್ಯ’ ಎನಿಸಿಕೊಂಡರು. 1874ರಲ್ಲಿ ಬ್ರೈಟನ್ ಅವರನ್ನು ಸೋಲಿಸಿತು. ಅದೇ ವರ್ಷ ಹ್ಯಾಕ್ನಿ ಗೆಲ್ಲಿಸಿತು. 1880ರಿಂದ ಅಂಚೆ ಇಲಾಖೆಯ ಸಚಿವರಾಗಿದ್ದು, 1884ರಲ್ಲಿ ತೀರಿಕೊಂಡರು.

ವಲೀಮಾದ ಬಿರಿಯಾನಿಗೆ ಕೂತಾಗ ಈಗ ನಮಗೆ ಫಾಸೆಟ್ ನೆನಪಾಗುತ್ತಾರೆ. ಹೆಣ್ಣಿನ ತಂದೆಯ ಮುಖ ನೋಡಲು ಧೈರ್ಯವಾಗುವುದಿಲ್ಲ.